ಹಲ್ಲು, ಹೆರಿಗೆ ಮತ್ತು ಒಂದು ವಿಮಾ ಪತ್ರ

ಕಳೆದ ದೀಪಾವಳಿಗೆ ಮಗಳು, ಅಳಿಯ ಬಂದಿದ್ದರು. ಊಟವಾದ ಮೇಲೆ ಮಗಳು ಮೊಬೈಲ್ ಹಿಡಿದುಕೊಂಡು ನನ್ನ ಪಕ್ಕದಲ್ಲಿ ಕುಳಿತಳು. "ಅಮ್ಮಾ, ಇನ್ನು ಮಗು ಆಗಲಿ ಅಂದುಕೊಂಡಿದ್ದೇವೆ. ಅದಕ್ಕೆ ಮೊದಲು ಯಾವ ಆರೋಗ್ಯ ವಿಮೆ ಮಾಡಿಸೋಣ, ಹೇಳು" ಎಂದಳು. ನಾನಾದರೋ ಬಸುರಿ ಎಂಬ ಸುದ್ದಿಯನ್ನೇ ಅತ್ತೆಯ ಕಿವಿಗೆ ಹಾಕಲು ಹದಿನೈದು ದಿನ ತೆಗೆದುಕೊಂಡವಳು! ನಗು ಬಂತು. ನಗುವಾಗ ನಾಲಿಗೆ ತಾನಾಗಿಯೇ ಬಲದವಡೆಯ ಖಾಲಿ ಜಾಗಕ್ಕೆ ಹೋಯಿತು. ಆ ಹಲ್ಲು ಹೋಗಿದ್ದು ಇವಳು ಹೊಟ್ಟೆಯಲ್ಲಿದ್ದಾಗಿನ ಉಪೇಕ್ಷೆಯಿಂದ.

ಎದ್ದು ಹೋಗಿ ಹಳೆಯ ಟ್ರಂಕಿನಿಂದ ಒಂದು ಕಾಗದ ತಂದು ಅವಳ ಕೈಗಿಟ್ಟೆ. 1995ರಲ್ಲಿ ವಿಮಾ ಕಂಪನಿಯೊಂದು ನನಗೆ ಬರೆದ ಪತ್ರ ಅದು.

ನಾನಾಗ ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಸಮಾಜ ಪಾಠ ಹೇಳುತ್ತಿದ್ದೆ. ಹೆರಿಗೆಗೆ ರಜೆ ಸಿಗುತ್ತಿತ್ತು, ಆಸ್ಪತ್ರೆಯ ಖರ್ಚು ಸಿಗುತ್ತಿರಲಿಲ್ಲ. ಮದುವೆಯಾದ ವರ್ಷವೇ ಯಜಮಾನರು ಮೆಡಿಕ್ಲೇಮ್ ಮಾಡಿಸಿದ್ದರು. ಇನ್ನೇನು ಚಿಂತೆ ಎಂದು ನಾವಿಬ್ಬರೂ ನಿಶ್ಚಿಂತರಾಗಿದ್ದೆವು. ಮಗು ಅಡ್ಡವಾಗಿತ್ತು, ಸಿಜೇರಿಯನ್ ಆಯಿತು. ಬಿಲ್ಲುಗಳನ್ನೆಲ್ಲ ಜೋಡಿಸಿ ಕಳಿಸಿದೆವು. ಬಂದದ್ದು ಈ ಪತ್ರ: ಬಸಿರು, ಹೆರಿಗೆ, ಸಿಜೇರಿಯನ್ ಯಾವುದೂ ಪಾಲಿಸಿಯಲ್ಲಿ ಸೇರಿಲ್ಲ. ಪಾಲಿಸಿ ತೆಗೆದು ನೋಡಿದರೆ, ಹೌದು, ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಹಾಗೆಯೇ ಇತ್ತು. ಆಸ್ಪತ್ರೆಗೆ ಸೇರಿಸದೆ ಮಾಡುವ ಹಲ್ಲಿನ ಚಿಕಿತ್ಸೆ, ಕನ್ನಡಕ, ಕಿವಿಯ ಯಂತ್ರ ಇವೂ ಇಲ್ಲ ಎಂದು ಅಲ್ಲೇ ಬರೆದಿತ್ತು. ಬಿ.ಎ., ಬಿ.ಎಡ್. ಓದಿದವಳು ಮುಂಬದಿಯನ್ನಷ್ಟೇ ಓದಿದ್ದೆ. ನನ್ನೆರಡು ಬಳೆಗಳು ಬ್ಯಾಂಕಿಗೆ ಹೋದವು.

ಆಗ ನಮ್ಮ ಹಿಂದಿನ ಬೀದಿಯಲ್ಲಿ ಹತ್ತಿ ಗಿರಣಿಯ ಕಾರ್ಮಿಕರೊಬ್ಬರ ಮನೆಯಿತ್ತು. ಆತನ ಹೆಂಡತಿಗೂ ಅದೇ ತಿಂಗಳು ಹೆರಿಗೆಯಾಯಿತು, ಇ.ಎಸ್.ಐ. ಆಸ್ಪತ್ರೆಯಲ್ಲಿ. "ನಾವೇನೂ ದುಡ್ಡು ಕಟ್ಟಲಿಲ್ಲ ಕಣ್ರೀ ಟೀಚರೇ, ಕಾರ್ಡು ತೋರಿಸಿದೆವು ಅಷ್ಟೆ" ಎಂದು ಆಕೆ ಬಾಣಂತಿ ಔಷಧ ಕುಡಿಯುತ್ತ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಪ್ರೀಮಿಯಂ ಕಟ್ಟಿದ ನನಗಿಲ್ಲದ್ದು ಆಕೆಗೆ ಹೇಗೆ ಸಿಕ್ಕಿತು? ಪಾಠ ಹೇಳುವವಳಿಗೆ ಈ ಪ್ರಶ್ನೆ ಬಿಡಲಿಲ್ಲ. ಆಮೇಲೆ ವರ್ಷಗಟ್ಟಲೆ ಸಿಕ್ಕಿದ್ದನ್ನೆಲ್ಲ ಓದಿದೆ.

ವಿಮೆ ಎಂಬುದು ಹುಟ್ಟಿದ್ದು ಹಡಗು ಮುಳುಗೀತು, ಮನೆಗೆ ಬೆಂಕಿ ಬಿದ್ದೀತು ಎಂಬ ಭಯದಿಂದ. ನಮ್ಮ ಮೈಸೂರು ಸಂಸ್ಥಾನ 1891ರಷ್ಟು ಹಿಂದೆಯೇ ತನ್ನ ನೌಕರರಿಗೆ ಜೀವವಿಮೆ ಆರಂಭಿಸಿತು. ದುಡಿಯುವ ಗಂಡಸು ಸತ್ತರೆ ಮನೆಯ ಗತಿಯೇನು ಎಂಬುದು ಅದರ ಯೋಚನೆ. ಒಳ್ಳೆಯದೇ. ಆದರೆ ವಿಮೆಯವರ ಲೆಕ್ಕದಲ್ಲಿ ಹೆರಿಗೆ ಆಕಸ್ಮಿಕವಲ್ಲ. ಅದು ದಂಪತಿಗಳು ತಾವೇ ಬಯಸಿ ತಂದುಕೊಳ್ಳುವ ಖರ್ಚು. ಬಸಿರಾದವರೇ ಬಂದು ಪಾಲಿಸಿ ಮಾಡಿಸಿದರೆ ನಿಧಿ ಉಳಿಯುವುದು ಹೇಗೆ? ಹೀಗೆಂದು ಹೆರಿಗೆಯನ್ನೇ ಹೊರಗಿಟ್ಟರು. ಹೆರಿಗೆಯಲ್ಲಿ ಸಾಯುವ ಹೆಣ್ಣು ಯಾವ ಬಗೆಯ ಆಕಸ್ಮಿಕ ಎಂದು ಕೇಳಿದವರು ಕಡಿಮೆ.

ಕೇಳಿದವರು ಇದ್ದರು, ವಿಮಾ ಕಂಪನಿಗಳ ಹೊರಗೆ. ಜರ್ಮನಿಯಲ್ಲಿ ಬಿಸ್ಮಾರ್ಕ್ 1883ರಲ್ಲಿ ತಂದ ಕಾರ್ಮಿಕರ ಕಾಯಿಲೆ ವಿಮೆಯಲ್ಲೇ ಬಾಣಂತಿಗೆ ಮೂರು ವಾರದ ಭತ್ಯೆ ಇತ್ತು. ನಮ್ಮಲ್ಲಿ ಎನ್.ಎಂ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಗೆ ಹೆರಿಗೆ ಭತ್ಯೆಯ ಮಸೂದೆ ತಂದರು, ಅದು ಬಿದ್ದುಹೋಯಿತು. 1928ರಲ್ಲಿ ಇಂಥದೇ ಮಸೂದೆ ಬೊಂಬಾಯಿ ಶಾಸನ ಪರಿಷತ್ತಿಗೆ ಬಂದಾಗ ಡಾ. ಅಂಬೇಡ್ಕರ್ ಅದರ ಪರವಾಗಿ ಮಾತನಾಡಿದರು. ತಾಯಿಗೆ ಹೆರಿಗೆಯ ಮುಂಚೆ, ಆಮೇಲೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಹೊರೆಯನ್ನು ಸರ್ಕಾರವೂ ಹೊರಬೇಕು, ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಸ್ವಲ್ಪ ಹೊರಬೇಕು ಎಂಬುದು ಅವರ ವಾದ. 1929ರಲ್ಲಿ ಅದು ಕಾಯ್ದೆಯಾಯಿತು. ಆದರೆ ಹಣ ಕೊಡಬೇಕಾದವನು ಮಾಲೀಕನೊಬ್ಬನೇ. ಪರಿಣಾಮ ಊಹಿಸಬಹುದು: ಬಸಿರಿನ ಸುಳಿವು ಸಿಕ್ಕ ಹೆಣ್ಣಾಳನ್ನು ಮೊದಲೇ ಬಿಡಿಸಿಬಿಡುವುದು, ಮದುವೆಯಾದವರನ್ನು ಸೇರಿಸಿಕೊಳ್ಳದೇ ಇರುವುದು.

ಈ ಅನುಭವದ ಮೇಲೆ ನಿಂತದ್ದು 1948ರ ಇ.ಎಸ್.ಐ. ಕಾಯ್ದೆ. ಪ್ರೊಫೆಸರ್ ಅಡಾರ್ಕರ್ ಅವರ 1944ರ ವರದಿ ಅದಕ್ಕೆ ತಳಪಾಯ. ಅಲ್ಲಿ ಪ್ರತಿ ಕಾರ್ಮಿಕನ, ಕಾರ್ಮಿಕಳ ಹೆಸರಿನಲ್ಲಿ ಸಂಬಳಕ್ಕೆ ತಕ್ಕಂತೆ ವಂತಿಗೆ. ಗಂಡಾಳಾದರೂ ಹೆಣ್ಣಾಳಾದರೂ ಒಂದೇ ಲೆಕ್ಕ. ಹೆರಿಗೆಯ ಹಣ ಕೊಡುವುದು ಎಲ್ಲರ ವಂತಿಗೆಯ ನಿಧಿ, ಹೆಣ್ಣನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ ಬೇರೆ ಹೊರೆಯಿಲ್ಲ. ಎಷ್ಟು ಸರಳವಾದ ಉಪಾಯ ನೋಡಿ! ಹಿಂದಿನ ಬೀದಿಯ ಬಾಣಂತಿಯ ಕಾರ್ಡಿನ ಹಿಂದೆ ಇದ್ದದ್ದು ಇದು.

1961ರ ಹೆರಿಗೆ ಭತ್ಯೆ ಕಾಯ್ದೆ ಇ.ಎಸ್.ಐ. ಇಲ್ಲದ ಕಡೆ ಮತ್ತೆ ಮಾಲೀಕನ ಕಿಸೆಗೇ ಕೈಹಾಕಿತು. 2017ರಲ್ಲಿ ರಜೆ 12 ವಾರದಿಂದ, ಮೊದಲೆರಡು ಮಕ್ಕಳಿಗೆ, 26 ವಾರಕ್ಕೆ ಏರಿದಾಗ ಹುಡುಗಿಯರು ಸಂತೋಷಪಟ್ಟರು. ನನಗೆ ಮಾತ್ರ 1929 ನೆನಪಾಯಿತು.

ಇನ್ನು ಗಿರಣಿಯವರೂ ಅಲ್ಲದ, ಸರ್ಕಾರಿ ನೌಕರರೂ ಅಲ್ಲದ ನನ್ನಂಥವರಿಗೆ 1986ರಲ್ಲಿ ಬಂತು ಮೆಡಿಕ್ಲೇಮ್. ಆಗ ಸಾಮಾನ್ಯ ವಿಮೆಯೆಲ್ಲ ಸರ್ಕಾರದ ನಾಲ್ಕು ಕಂಪನಿಗಳ ಕೈಯಲ್ಲಿತ್ತು. ಕಚೇರಿಯವರು ಗುಂಪಾಗಿ ಮಾಡಿಸಿದರೆ ಹೆಚ್ಚಿನ ಹಣಕ್ಕೆ ಹೆರಿಗೆಯನ್ನೂ ಸೇರಿಸಬಹುದಿತ್ತು, ಒಂಬತ್ತು ತಿಂಗಳು ಕಾಯಬೇಕು ಅಷ್ಟೆ. ಒಂಬತ್ತೇ ಏಕೆಂದು ಯಾವ ಹೆಂಗಸಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬೊಬ್ಬರೇ ಮಾಡಿಸಿದವರಿಗೆ ಅದೂ ಇರಲಿಲ್ಲ.

"ಈಗ ಹಾಗಿಲ್ಲಮ್ಮ, ಇದರಲ್ಲಿ ಹೆರಿಗೆಯೂ ಇದೆ" ಎಂದು ಮಗಳು ಮೊಬೈಲ್ ತೋರಿಸಿದಳು. ನಾನು ಕನ್ನಡಕ ಹಾಕಿಕೊಂಡು ಈ ಸಲ ಹಿಂಬದಿಯಿಂದ ಓದಿದೆ. ಇದೆ, ನಿಜ. ಆದರೆ ಎರಡು ವರ್ಷ ಕಾದ ಮೇಲೆ, ಅದೂ ಇಂತಿಷ್ಟೇ ಹಣದ ಮಿತಿಯೊಳಗೆ. ಬೇರೆ ಪಾಲಿಸಿಗಳಲ್ಲಿ ಮೂರು, ನಾಲ್ಕು ವರ್ಷವೂ ಉಂಟಂತೆ. ಮದುವೆಯ ವರ್ಷವೇ ಮಾಡಿಸಿದ್ದರೆ ಇಷ್ಟು ಹೊತ್ತಿಗೆ ಕಾಯುವುದು ಮುಗಿದಿರುತ್ತಿತ್ತು. ಅವಳ ಕಚೇರಿಯ ಗುಂಪು ವಿಮೆಯಲ್ಲಿ ವಿಚಾರಿಸಿದರೆ, ಹೆರಿಗೆಗೆ ಕಾಯಬೇಕಾಗಿಯೇ ಇಲ್ಲ, ಹುಟ್ಟಿದ ಮಗುವಿಗೂ ಮೊದಲ ದಿನದಿಂದ ರಕ್ಷಣೆ. ಒಂದೇ ತೊಡಕು: ಅವಳು ಬೇರೆ ಕಂಪನಿಗೆ ಹೋಗುವ ತಯಾರಿಯಲ್ಲಿದ್ದಳು. ಕೆಲಸ ಬಿಟ್ಟ ದಿನವೇ ಆ ವಿಮೆಯೂ ಬಿಟ್ಟುಹೋಗುತ್ತದೆ. ಕೆಲಸ ಬದಲಾಯಿಸುವುದಾದರೆ ಹೊಸ ಕಡೆಯ ವಿಮೆಯ ಕಾಗದ ಕೈಗೆ ಬಂದ ಮೇಲೆ ಮಗುವಿನ ಮಾತು, ಇಲ್ಲವೇ ಮಗುವಾದ ಮೇಲೆ ಬದಲಾವಣೆ ಎಂದೆ. ಜೊತೆಗೆ ತಮ್ಮದೇ ಒಂದು ಪಾಲಿಸಿಯನ್ನೂ ಈಗಲೇ ಮಾಡಿಸಿಡಲಿ, ಎರಡನೆಯದಕ್ಕಾದರೂ ಆದೀತು. ಅಳಿಯ ಪೇಪರಿನ ಹಿಂದೆ ಮುಖ ಮರೆಸಿಕೊಂಡ.

"ಹಲ್ಲು?" ಎಂದು ನಾನೇ ಕೇಳಿದೆ. ಹುಡುಕಿದಳು. ಅಪಘಾತದಲ್ಲಿ ಮುರಿದರೆ ಕೊಡುತ್ತಾರೆ, ಹುಳುಕಾದರೆ, ವಸಡು ಊದಿದರೆ ಇಲ್ಲ. ಅಂದರೆ ನನ್ನ 1995ರ ಪಾಲಿಸಿಗಿಂತ ಹೆಚ್ಚೇನೂ ಮುಂದೆ ಬಂದಿಲ್ಲ. ಹೊರರೋಗಿ ಚಿಕಿತ್ಸೆಯ ಹೆಸರಿನಲ್ಲಿ ಹೆಚ್ಚು ಹಣಕ್ಕೆ ಕೊಡುವವರಿದ್ದಾರೆ. ಲೆಕ್ಕ ಹಾಕಿದರೆ, ನಮಗೆ ಆ ಹಣವನ್ನು ದಂತವೈದ್ಯರಿಗೇ ನೇರವಾಗಿ ಕೊಡುವುದು ಅಗ್ಗವೆನಿಸಿತು. ಬ್ರಿಟನ್ನಿನಲ್ಲಿ ಬಸುರಿಯರಿಗೂ ಮಗುವಿಗೆ ವರ್ಷ ತುಂಬುವವರೆಗೆ ತಾಯಂದಿರಿಗೂ ಸರ್ಕಾರಿ ಆರೋಗ್ಯ ಸೇವೆಯಲ್ಲಿ ಹಲ್ಲಿನ ಚಿಕಿತ್ಸೆ ಉಚಿತ ಎಂದು ಓದಿದಾಗ ನನಗೆ ಹೊಟ್ಟೆಕಿಚ್ಚಾಗಿತ್ತು.

ಏಕೆಂದರೆ, ಆರು ತಿಂಗಳಾಗಿದ್ದಾಗ ನನ್ನ ವಸಡಿನಿಂದ ರಕ್ತ ಬರುತ್ತಿತ್ತು. ಮಗು ತಾಯಿಯ ಹಲ್ಲಿನ ಸುಣ್ಣ ತಿನ್ನುತ್ತದೆ, ಒಂದು ಹಲ್ಲು ಹೋಗುವುದೇ, ಬಸುರಿಯ ಹಲ್ಲು ಮುಟ್ಟಬಾರದು ಎಂದರು ಹಿರಿಯರು. ನಾನೂ ನಂಬಿದೆ. ಮಗು ಹಲ್ಲಿನಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ. ಬಸಿರಿನ ಹಾರ್ಮೋನುಗಳಿಂದ ವಸಡು ಸುಲಭವಾಗಿ ಊದಿಕೊಳ್ಳುತ್ತದೆ, ಪದೇ ಪದೇ ವಾಂತಿಯಾದರೆ ಅದರ ಆಮ್ಲ ಹಲ್ಲನ್ನು ಸವೆಸುತ್ತದೆ. ನಾಲ್ಕರಿಂದ ಆರನೆಯ ತಿಂಗಳ ನಡುವೆ ಚಿಕಿತ್ಸೆ ಮಾಡಿಸಿಕೊಳ್ಳುವುದು ಅನುಕೂಲ, ಬಸಿರಿಗೆ ಮುಂಚೆಯೇ ತೋರಿಸಿಕೊಂಡರೆ ಇನ್ನೂ ಒಳ್ಳೆಯದು. ಇದನ್ನೆಲ್ಲ ನನಗೆ ಹೇಳಿದ್ದು ಆ ಹಲ್ಲನ್ನು ಕಿತ್ತ ವೈದ್ಯರೇ.

ಮಗಳು ಆ ಹಳೆಯ ಪತ್ರವನ್ನು ಮತ್ತೊಮ್ಮೆ ಓದಿ, ಮಡಿಸಿ, ತನ್ನ ಬ್ಯಾಗಿಗೆ ಹಾಕಿಕೊಂಡಳು. ಬೆಂಗಳೂರಿಗೆ ಹೋದ ವಾರವೇ ಫೋನ್ ಬಂತು. ಕೆಲಸ ಸದ್ಯಕ್ಕೆ ಬಿಡುವುದಿಲ್ಲವಂತೆ. ಶನಿವಾರ ದಂತವೈದ್ಯರ ಬಳಿ ಸಮಯ ತೆಗೆದುಕೊಂಡಿದ್ದಾಳಂತೆ, ಮೂರು ಜನಕ್ಕೆ. ಮೂರನೆಯವರು ಯಾರೆಂದು ಕೇಳಿದೆ. "ನೀನೇ. ಶುಕ್ರವಾರ ಸಂಜೆಯ ಬಸ್ಸಿಗೆ ಹೊರಡು" ಎಂದಳು.