ಕವರಿನ ಪಾಲು, ಮಕ್ಕಳ ಜೀವನಾಂಶ: ವೃದ್ಧರ ಹಕ್ಕಿನ ಒಡಂಬಡಿಕೆಗೆ ವಂಡ್ಸೆಯಿಂದ ಒಂದು ಓದು

ಉಡುಪಿ ಜಿಲ್ಲೆಯ ವಂಡ್ಸೆ ಹೋಬಳಿಯಲ್ಲಿ ವೃದ್ಧರ ಹಕ್ಕಿನ ಚರಿತ್ರೆ ಹುಡುಕಲು ಹೊರಟರೆ ಹಳೆಯ ಪಾಲುಪಟ್ಟಿಗಳಿಂದಲೇ ಶುರು ಮಾಡಬೇಕು. ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಈ ಸೀಮೆಯಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರಿಗೆ ಅಳಿಯಸಂತಾನವೇ, ಅಂದರೆ ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಪದ್ಧತಿಯೇ, ಕಟ್ಟು. ಆಸ್ತಿ ಕುಟುಂಬದ್ದು, ಆಡಳಿತ ಯಜಮಾನನದು ಅಥವಾ ಯಜಮಾನ್ತಿಯದು. ಒಬ್ಬರು ಕೇಳಿದರೆಂದು ಪಾಲು ಮಾಡುವ ಹಾಗಿರಲಿಲ್ಲ, ಆದರೆ ಕುಟುಂಬದ ಆಸ್ತಿಯಿಂದ ಜೀವನಾಂಶ ಪಡೆಯುವ ಹಕ್ಕು ಪ್ರತಿ ಸದಸ್ಯರಿಗೂ ಇತ್ತು. ಮುದುಕಿಯೊಬ್ಬಳು ಆ ಮನೆಯಲ್ಲಿ ಉಣ್ಣುತ್ತಿದ್ದುದು ಯಾರದೋ ತಾಯಿ ಎಂಬ ಕಾರಣಕ್ಕಲ್ಲ. ಅವಳು ಆ ಕುಟುಂಬದವಳು, ಅಷ್ಟೇ. ಯಜಮಾನನ ದರ್ಬಾರು ಹೇಗಿರುತ್ತಿತ್ತೆಂದು ಬಲ್ಲವರು ಇದನ್ನು ಸುವರ್ಣಯುಗ ಎನ್ನಲಾರರು. ಹಕ್ಕಿನ ಆಧಾರ ಯಾವುದಾಗಿತ್ತು ಎಂಬುದಷ್ಟೇ ಇಲ್ಲಿ ಮುಖ್ಯ.

1949ರ ಮದರಾಸು ಅಳಿಯಸಂತಾನ ಕಾಯ್ದೆ ಪಾಲಿಗೆ ದಾರಿ ಮಾಡಿತು. ಕುಟುಂಬ ಕವರುಗಳಾಗಿ, ಅಂದರೆ ತಾಯಿಯ ಕಡೆಯ ಕವಲುಗಳಾಗಿ, ಒಡೆಯಿತು. ಐವತ್ತು ತುಂಬದ ಹೆಂಗಸೊಬ್ಬಳಾದರೂ ಇರುವ ಕವರು ಸಂತತಿ ಕವರು. ಇಲ್ಲದ್ದು ನಿಸ್ಸಂತತಿ ಕವರು. ಪಾಲಿನ ವೇಳೆ ಕುಟುಂಬದ ಇನ್ನೊಂದು ಕವರು ಸಂತತಿ ಕವರಾಗಿದ್ದರೆ ನಿಸ್ಸಂತತಿ ಕವರಿನ ಪಾಲು ಜೀವಿತಾವಧಿಯ ಅನುಭೋಗಕ್ಕೆ ಮಾತ್ರ. ಅಂಥ ಕವರಿನ, ಐವತ್ತು ದಾಟಿದ ಹೆಂಗಸು ಗದ್ದೆಯ ಬೆಳೆ ಉಣ್ಣಬಹುದು, ತೋಟದ ಕಾಯಿ ಕೊಯ್ಯಿಸಬಹುದು. ಭೂಮಿಯ ಮೇಲೆ ಪೂರ್ಣ ಹಕ್ಕು ಅವಳಿಗಿಲ್ಲ. ವಯಸ್ಸನ್ನೇ ಗೆರೆಯಾಗಿ ಎಳೆದು ಆಸ್ತಿಯ ಹಕ್ಕನ್ನು ಮೊಟಕು ಮಾಡಿದ ಕಾನೂನು ಇದು. ಇಂದಿನ ಮಾತಿನಲ್ಲಿ ವಯೋಭೇದವೇ. ಆದರೂ ಅದೇ ಕಾನೂನು ಅವಳಿಗೊಂದು ಪಾಲನ್ನು ಅವಳದ್ದೇ ಲೆಕ್ಕದಲ್ಲಿ ಬರೆಯಿತು. ಮಗನ ಔದಾರ್ಯಕ್ಕೆ ಕಾಯುವ ಅಗತ್ಯ ಇರಲಿಲ್ಲ.

ಇದಕ್ಕೆ ಸ್ವಲ್ಪ ಮೊದಲು, 1948ರ ಡಿಸೆಂಬರಿನಲ್ಲಿ, ಪ್ಯಾರಿಸ್ಸಿನಲ್ಲಿ ಸೇರಿದ್ದ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಅರ್ಜೆಂಟೀನಾ ವೃದ್ಧಾಪ್ಯದ ಹಕ್ಕುಗಳ ಘೋಷಣೆಯ ಕರಡೊಂದನ್ನು ಇಟ್ಟಿತ್ತು. ಮಹಾಸಭೆ ಅದನ್ನು ಆರ್ಥಿಕ ಮತ್ತು ಸಾಮಾಜಿಕ ಮಂಡಳಿಗೆ ಕಳಿಸಿ ಕೈತೊಳೆದುಕೊಂಡಿತು. ನಮ್ಮ ಸಂವಿಧಾನದಲ್ಲೂ ಮುಪ್ಪಿನ ನೆರವು 41ನೆಯ ವಿಧಿಯಲ್ಲಿ, ಅಂದರೆ ಕೋರ್ಟು ಜಾರಿಗೊಳಿಸಲಾಗದ ನಿರ್ದೇಶಕ ತತ್ತ್ವಗಳ ಸಾಲಿನಲ್ಲಿ ಕೂತಿತು. ಹಕ್ಕುಗಳನ್ನು ಹೀಗೆ ಎರಡು ಪಂಕ್ತಿಯಲ್ಲಿ ಕೂರಿಸುವ ಸಲಹೆಯ ಹಿಂದೆ ಇದ್ದ ಪ್ರಮುಖರು ಸಂವಿಧಾನ ಸಲಹೆಗಾರ ಬೆನಗಲ್ ನರಸಿಂಗ ರಾವ್, ಇದೇ ಕರಾವಳಿ ಮೂಲದವರು.

ಮುಂದಿನ ಮೂರು ದಶಕ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. 1982ರಲ್ಲಿ ವಿಯೆನ್ನಾದ ಕ್ರಿಯಾ ಯೋಜನೆ, 1991ರಲ್ಲಿ ಹದಿನೆಂಟು ತತ್ತ್ವಗಳು, 2002ರಲ್ಲಿ ಮ್ಯಾಡ್ರಿಡ್ ಯೋಜನೆ ಬಂದವು. ಯಾವುದಕ್ಕೂ ಸಹಿ ಹಾಕಿ ಕಟ್ಟುಬೀಳುವ ಸರ್ಕಾರವಿಲ್ಲ. ಮಹಿಳೆಯರಿಗೆ 1979ರಲ್ಲಿ, ಮಕ್ಕಳಿಗೆ 1989ರಲ್ಲಿ, ಅಂಗವಿಕಲರಿಗೆ 2006ರಲ್ಲಿ ಒಡಂಬಡಿಕೆ ದಕ್ಕಿತು. ವೃದ್ಧರಿಗೆ ಮಾತ್ರ ಅಕ್ಟೋಬರ್ 1ರ ದಿನಾಚರಣೆ, ಶಾಲು, ಹಾರ. 2010ರ ಡಿಸೆಂಬರಿನಲ್ಲಿ ಮಹಾಸಭೆ ಒಂದು ಮುಕ್ತ ಕಾರ್ಯಗುಂಪನ್ನು ರಚಿಸಿದ ಮೇಲೆ, 2011ರಲ್ಲಿ, ಹಲವು ದೇಶಗಳ ಸಂಘಟನೆಗಳು ವೃದ್ಧರ ಹಕ್ಕುಗಳ ಜಾಗತಿಕ ಒಕ್ಕೂಟ ಕಟ್ಟಿದವು. ಆಮೇಲಿನದು ದೀರ್ಘ ಹಗ್ಗಜಗ್ಗಾಟ. ಒಡಂಬಡಿಕೆಯ ಅಂಶಗಳನ್ನು ಪರಿಶೀಲಿಸುವಂತೆ ಆ ಕಾರ್ಯಗುಂಪಿಗೆ ಹೇಳುವ 2012ರ ಠರಾವಿಗೆ ಪರವಾಗಿ ಬಿದ್ದದ್ದು 54 ಮತ, ವಿರೋಧ 5, ತಟಸ್ಥ 118. ಇರುವ ಕಾನೂನುಗಳೇ ಸಾಕು, ಜಾರಿ ಮಾಡಿದರಾಯಿತು ಎನ್ನುವುದು ಒಪ್ಪದವರ ವಾದದ ತಿರುಳು.

ಇರುವ ಕಾನೂನು ಸಾಕೇ ಎಂಬುದನ್ನು ವಂಡ್ಸೆಯಲ್ಲೇ ಪರೀಕ್ಷಿಸಬಹುದು. 2007ರ ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ ಪ್ರಕಾರ ಇಲ್ಲಿಯವರ ನ್ಯಾಯಮಂಡಳಿ ಕುಂದಾಪುರದ ಸಹಾಯಕ ಆಯುಕ್ತರ (ಎಸಿ) ಕಚೇರಿ. ಮೂಲ ಕಾಯ್ದೆಯಲ್ಲಿ ಜೀವನಾಂಶದ ಗರಿಷ್ಠ ಮಿತಿ ತಿಂಗಳಿಗೆ 10,000 ರೂಪಾಯಿ, ಅರ್ಜಿ ಇತ್ಯರ್ಥಕ್ಕೆ 90 ದಿನದ ಗಡುವು. ಬೆಂಗಳೂರು, ಮುಂಬೈಯ ಹೋಟೆಲುಗಳಿಗೆ ಮಕ್ಕಳನ್ನು ಕಳಿಸಿದ ಊರುಗಳಿಗೆ ಇದು ಸಣ್ಣ ನೆರವಲ್ಲ. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರಿದ್ದರು. ಊರು ಬಿಟ್ಟವರ ಲೆಕ್ಕವೂ ಅದರೊಳಗೆ ಅಡಗಿದೆ.

ಕಾಯ್ದೆಯ 23ನೆಯ ಕಲಮು ದಾನಪತ್ರಕ್ಕೆ ಸಂಬಂಧಿಸಿದ್ದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಕೈಬಿಟ್ಟರೆ ಆ ವರ್ಗಾವಣೆ ರದ್ದಾಗಬಹುದು. ಆದರೆ ಪತ್ರ ಬರೆಯುವವರ ವಾಡಿಕೆಯ ಒಕ್ಕಣೆ 'ಪ್ರೀತಿ ವಿಶ್ವಾಸದಿಂದ' ಎಂದು. ಷರತ್ತು ಹಾಕಿಸಲು ತಾಯಿಗೆ ನಾಚಿಕೆ. ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟು 2022ರ ಸುದೇಶ್ ಛಿಕಾರಾ ಪ್ರಕರಣದಲ್ಲಿ ಹೇಳಿತು. ಮಧ್ಯಪ್ರದೇಶದ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ, 2025ರ ಜನವರಿಯಲ್ಲಿ, ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟ ವಚನವನ್ನೂ ಗಣನೆಗೆ ತೆಗೆದುಕೊಂಡು ತಾಯಿಗೆ ಆಸ್ತಿ ಮರಳಿಸಿತು. ಕಾಯ್ದೆಯನ್ನು ಉದಾರವಾಗಿ ಓದಬೇಕೆಂಬ ಈ ಎರಡನೆಯ ತೀರ್ಪೇ ಕಾಯ್ದೆಯ ಉದ್ದೇಶಕ್ಕೆ ಹತ್ತಿರ ಎಂದು ನನ್ನ ಅಭಿಪ್ರಾಯ.

ತೊಡಕು ಇರುವುದು 4ನೆಯ ಕಲಮಿನಲ್ಲಿ. ಮಕ್ಕಳಿದ್ದವರು ಮಕ್ಕಳಿಂದ, ಮೊಮ್ಮಕ್ಕಳಿಂದ ಕೇಳಬಹುದು. ಮಕ್ಕಳಿಲ್ಲದವರು ಕೇಳಬಹುದಾದ್ದು ತಮ್ಮ ಆಸ್ತಿ ಹೊಂದಿರುವ ಅಥವಾ ಮುಂದೆ ಹೊಂದಲಿರುವ ಸಂಬಂಧಿಕರಿಂದ ಮಾತ್ರ. ಮಕ್ಕಳೂ ಇಲ್ಲ, ಸೆಂಟ್ಸು ಜಾಗವೂ ಇಲ್ಲ ಎಂಬ ಕೂಲಿಯ ಹೆಂಗಸು ಎಸಿ ಎದುರು ಯಾರ ಹೆಸರು ಬರೆದು ಅರ್ಜಿ ಕೊಡಬೇಕು? ಅವಳಿಗೆ ಉಳಿಯುವುದು ಪಿಂಚಣಿ, ಇಲ್ಲವೇ ಸರ್ಕಾರ ತೆರೆದಿದ್ದರೆ ವೃದ್ಧಾಶ್ರಮ. ಹಳೆಯ ಕುಟುಂಬದಲ್ಲಿ ನಿಸ್ಸಂತತಿಗೂ ಒಂದು ಪಾಲಿತ್ತು. ಹೊಸ ಕಾಯ್ದೆಯಲ್ಲಿ ಸಂತತಿಯೂ ಆಸ್ತಿಯೂ ಇಲ್ಲದವರಿಗೆ ಪ್ರತಿವಾದಿಯೇ ಇಲ್ಲ.

ಒಡಂಬಡಿಕೆಯ ಪರ ಹೋರಾಡುವವರು ಕೇಳುತ್ತಿರುವುದು ಈ ಆಧಾರವನ್ನೇ ಬದಲಿಸಿ ಎಂದು: ಹಕ್ಕು ವ್ಯಕ್ತಿಗೆ ಸೇರಲಿ, ಉತ್ತರ ಕೊಡುವ ಹೊಣೆ ಸರ್ಕಾರಕ್ಕಿರಲಿ. ಅಮೆರಿಕ ಖಂಡದ ದೇಶಗಳು 2015ರಲ್ಲಿ, ಆಫ್ರಿಕಾ ಒಕ್ಕೂಟ 2016ರಲ್ಲಿ ಪ್ರಾದೇಶಿಕ ಒಪ್ಪಂದಗಳನ್ನು ಅಂಗೀಕರಿಸಿದವು. ಏಷ್ಯಾಕ್ಕೆ ಅಂಥದ್ದಿಲ್ಲ. 2025ರ ಏಪ್ರಿಲ್ 3ರಂದು ಜಿನೀವಾದಲ್ಲಿ ಮಾನವ ಹಕ್ಕುಗಳ ಮಂಡಳಿ ಮತಕ್ಕೆ ಹಾಕದೆ, ಸರ್ವಸಮ್ಮತಿಯಿಂದ, ಕಟ್ಟುಬೀಳುವ ಒಪ್ಪಂದದ ಕರಡು ಸಿದ್ಧಪಡಿಸುವ ಕಾರ್ಯಗುಂಪನ್ನು ನೇಮಿಸಿತು. ಆ ಕರಡು ಪೋಷಣೆಯ ಹೊಣೆಯನ್ನು ಮತ್ತೆ ಕುಟುಂಬದ ಹೆಗಲಿಗೇ ದಾಟಿಸಿದರೆ ವಂಡ್ಸೆಯ ಆ ಕೂಲಿ ಹೆಂಗಸಿನ ಅರ್ಜಿಯಲ್ಲಿ ಪ್ರತಿವಾದಿಯ ಕಾಲಂ ಖಾಲಿಯೇ ಇರುತ್ತದೆ.