ಮೊದಲು ಯಾರು ಹೇಳಿದರು?

‘ಸರ್, ನ್ಯೂಸ್ ಆ್ಯಂಕರ್ ಆಗ್ಬೇಕು, ಏನ್ ಮಾಡ್ಲಿ?’ ಅಂತ ಕೇಳುವ ಹುಡುಗ ಹುಡುಗಿಯರಿಗೆ ನಾನು ಒಂದು ದಿನದ ಕಥೆ ಹೇಳ್ತೀನಿ.

1984ರ ಅಕ್ಟೋಬರ್ 31. ಬೆಳಿಗ್ಗೆ ಒಂಬತ್ತು ದಾಟಿತ್ತು. ದೆಹಲಿಯ ಮನೆಯ ಆವರಣದಲ್ಲೇ ಪ್ರಧಾನಿ ಇಂದಿರಾ ಗಾಂಧಿ ಅವರ ಮೇಲೆ ಅಂಗರಕ್ಷಕರೇ ಗುಂಡು ಹಾರಿಸಿದರು. ಸಾವಿನ ಸುದ್ದಿಯನ್ನು ಬಿಬಿಸಿ ಹಗಲಿನಲ್ಲೇ ಹೇಳಿಬಿಟ್ಟಿತು. ಬಂಗಾಳ ಪ್ರವಾಸದಲ್ಲಿದ್ದ ಮಗ ರಾಜೀವ್ ಕೂಡ ಕಿವಿಗೊಟ್ಟಿದ್ದು ಬಿಬಿಸಿ ರೇಡಿಯೋಗೇ. ನಮ್ಮ ಆಕಾಶವಾಣಿ ಬಾಯಿಬಿಟ್ಟಾಗ ಸಂಜೆಯಾಗಿತ್ತು. ದೂರದರ್ಶನದಲ್ಲಿ ಅದನ್ನು ಓದಿದವರು ಸಲ್ಮಾ ಸುಲ್ತಾನ್. ಕಿವಿಯ ಹಿಂದೆ ಗುಲಾಬಿ ಮುಡಿಯುತ್ತಿದ್ದ, ದೇಶಕ್ಕೆಲ್ಲ ಪರಿಚಿತ ಮುಖ. ಆದರೆ ಯಾವಾಗ ಓದಬೇಕು ಅನ್ನೋದು ಓದುವವರ ಕೈಯಲ್ಲಿರಲಿಲ್ಲ. ಅದು ಸರ್ಕಾರದ ತೀರ್ಮಾನ.

ಅಂದು ಗೊತ್ತಿದ್ದೂ ಹೇಳಲಿಲ್ಲ. ಇಂದು ಗೊತ್ತಾಗುವ ಮುಂಚೆಯೇ ಹೇಳ್ತೀವಿ. ಕಿವಿಯೊಳಗಿನ ಇಯರ್‌ಫೋನಿನಲ್ಲಿ ‘ಮೊದಲು ನಾವೇ ಹೇಳ್ಬೇಕು’ ಅನ್ನೋ ಕೂಗು. ಹೀಗೇ ಒಮ್ಮೆ, ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿದ್ದವರಿಗೆ ನಾನೇ ಶ್ರದ್ಧಾಂಜಲಿ ಹೇಳಿಬಿಟ್ಟೆ. ಅವರ ಮಗಳ ಫೋನ್ ಬಂತು. ಬೈಯಲಿಲ್ಲ. ‘ಅಮ್ಮ ಟಿವಿ ನೋಡ್ತಿದ್ರು ಸರ್’ ಅಂದಳು, ಅಷ್ಟೇ.

ಧ್ವನಿ, ಉಚ್ಚಾರಣೆ, ಕ್ಯಾಮೆರಾ ಮುಂದಿನ ಧೈರ್ಯ, ಎಲ್ಲ ಆರು ತಿಂಗಳಲ್ಲಿ ಬರುತ್ತೆ ಕಣ್ರಪ್ಪಾ. ‘ಇನ್ನೂ ಖಚಿತವಾಗಿಲ್ಲ, ಓದಲ್ಲ’ ಅನ್ನೋಕೆ ಕಲಿಯಲು ನನಗೆ ಆ ಒಂದು ಫೋನ್ ಬೇಕಾಯ್ತು. ನಿಮಗೆ ಬೇಕಾಗದಿರಲಿ.