ಊರು ಬಿಟ್ಟವರ ಹಿಂದೆ ಬಂದ ಪಡಿತರ

ದೀಪಾವಳಿ ಕಳೆಯುತ್ತಿದ್ದಂತೆ ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಕಡೆಯ ತಾಂಡಾಗಳಲ್ಲಿ ಒಂದೊಂದೇ ಮನೆಗೆ ಬೀಗ ಬೀಳತೊಡಗುತ್ತದೆ. ಬೀಗ ಬೀಳದ ಮನೆಗಳಲ್ಲಿ ಮುದುಕರು ಇರುತ್ತಾರೆ, ಜೊತೆಗೆ ಶಾಲೆ ಬಿಡಿಸಲು ಮನಸ್ಸು ಬಾರದ ಒಂದಿಬ್ಬರು ಮೊಮ್ಮಕ್ಕಳು. ಉಳಿದವರ ಬಗ್ಗೆ ವಿಚಾರಿಸಿದರೆ ‘ದುಡಿಯಾಕ ಹೋಗ್ಯಾರ’ ಎಂಬ ಉತ್ತರ ಸಿಗುತ್ತದೆ. ಹೋಗುವುದು ಬೆಂಗಳೂರಿಗೆ, ಪುಣೆಗೆ, ಮುಂಬೈಗೆ, ಹೈದರಾಬಾದಿಗೆ, ಗೋವಾಕ್ಕೆ. ಚೀಲದಲ್ಲಿ ಜೋಳದ ಹಿಟ್ಟು, ಶೇಂಗಾ ಹಿಂಡಿ, ಖಾರಪುಡಿ ಇರುತ್ತವೆ. ತೀರಾ ಇತ್ತೀಚಿನವರೆಗೂ ರೇಷನ್ ಕಾರ್ಡು ಮಾತ್ರ ಆ ಚೀಲಕ್ಕೆ ಸೇರುತ್ತಿರಲಿಲ್ಲ. ಒಯ್ದರೂ ಅದರಿಂದ ಒಂದು ಹಿಡಿ ಅಕ್ಕಿ ಹುಟ್ಟುತ್ತಿರಲಿಲ್ಲ.

ಗುಳೆ ಈ ನೆಲಕ್ಕೆ ಹೊಸದಲ್ಲ. ಕೃಷ್ಣೆ ಮತ್ತು ಭೀಮೆಯ ನಡುವಿನ ಈ ಎರೆಭೂಮಿಯಲ್ಲಿ ಮಳೆ ನಂಬಿ ಬಿತ್ತುವವರೇ ಹೆಚ್ಚು. ಮಳೆ ಕೈಕೊಟ್ಟ ವರ್ಷ ಕೆಲಸವೂ ಇಲ್ಲ, ಕಾಳೂ ಇಲ್ಲ. 1841ರಿಂದ ಹನ್ನೆರಡು ವರ್ಷ ಸುರಪುರದಲ್ಲಿದ್ದು, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್, ಬೋನಾಳದಂಥ ಕೆರೆಗಳಿಗೆ ಗಮನ ಕೊಟ್ಟದ್ದು ಇದೇ ಕಾರಣಕ್ಕೆ. ಈ ಸೀಮೆಯಲ್ಲಿ ಜನ ಊರು ಬಿಡದಂತೆ ಹಿಡಿದು ನಿಲ್ಲಿಸುವ ಶಕ್ತಿ ಇದ್ದದ್ದು ನೀರಿಗೆ. 1858ರ ಬಂಡಾಯದೊಂದಿಗೆ ಸಂಸ್ಥಾನ ಮುಗಿದು, ಪ್ರದೇಶ ನಿಜಾಮನ ಆಡಳಿತಕ್ಕೆ ಸೇರಿತು.

1871ರಲ್ಲಿ ಮುಂಬೈ ಕಡೆಯಿಂದ ಬಂದ ರೈಲು ಹಳಿ ಯಾದಗಿರಿಯ ಮೂಲಕ ಹಾದು ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿ, ದೂರದ ಊರುಗಳಿಗೆ ದಾರಿ ತೆರೆಯಿತು. ಅದಾದ ಐದೇ ವರ್ಷಕ್ಕೆ ದಕ್ಷಿಣ ಭಾರತವನ್ನು ಹಿಂಡಿದ ಧಾತು–ಈಶ್ವರ ಬರ ಬಂತು. ಆ ಬರದ ಪಾಠದಿಂದ ಬ್ರಿಟಿಷರು 1880ರ ದಶಕದಲ್ಲಿ ಕ್ಷಾಮ ಸಂಹಿತೆಗಳನ್ನು ಬರೆದರು. ಅವುಗಳಲ್ಲಿ ಊರು ಬಿಟ್ಟು ಅಲೆಯುವವರನ್ನು ಕಂಡದ್ದು ಅಪಾಯದ ಸೂಚನೆಯಾಗಿ; ಅವರನ್ನು ತಡೆದು ಊರಲ್ಲೇ ಇರಿಸುವುದು ಆಡಳಿತದ ಗುರಿಯಾಗಿತ್ತು. ನೆರವು ವಿಳಾಸಕ್ಕೆ ಅಂಟಿಕೊಂಡದ್ದು ಅಲ್ಲಿಂದಲೇ ಎನ್ನಬಹುದು.

ರೇಷನ್ ಕಾರ್ಡು ಎರಡನೇ ಮಹಾಯುದ್ಧದ ಕೂಸು. 1943ರ ಮೇ ತಿಂಗಳಲ್ಲಿ ಮುಂಬೈ ನಗರದಲ್ಲಿ ಪಡಿತರ ಶುರುವಾದಾಗ ಅದು ನಗರದ ನಿವಾಸಿಗಳಿಗಾಗಿಯೇ ಹುಟ್ಟಿದ ಏರ್ಪಾಡು: ಇಂಥ ಬೀದಿ, ಇಂಥ ಮನೆ, ಇಷ್ಟು ಬಾಯಿ, ಇಂಥ ಅಂಗಡಿ. ಹಳ್ಳಿ ಆ ವ್ಯವಸ್ಥೆಗೆ ಧಾನ್ಯ ಕೊಡುವ ಜಾಗವಾಗಿತ್ತು. ಹೈದರಾಬಾದ್ ಸಂಸ್ಥಾನದಲ್ಲೂ ರೈತರಿಂದ ಲೆವಿ ಲೆಕ್ಕದಲ್ಲಿ ಕಾಳು ಎತ್ತಿದರು. ಆ ಲೆವಿಯ ಕಹಿ ನಿಜಾಮನ ವಿರುದ್ಧದ ಸಿಟ್ಟಿಗೂ ಇಂಬಾಯಿತು. 1948ರ ಸೆಪ್ಟೆಂಬರಿನಲ್ಲಿ ನಿಜಾಮನ ಆಡಳಿತ ಮುಗಿದು, 1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಕಲಬುರಗಿ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಬಂದವು. ಆಳುವವರು ಬದಲಾದರು. ಒಂದು ಮನೆ, ಒಂದು ಅಂಗಡಿ ಎಂಬ ಪಡಿತರದ ಕಟ್ಟಳೆ ಮಾತ್ರ ಯುದ್ಧಕಾಲದ್ದೇ ಉಳಿಯಿತು.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ ಸುರಪುರ, ಶಹಾಪುರದ ಚಿತ್ರ ಎರಡಾಗಿ ಸೀಳಿತು. ಎಡದಂಡೆ ಕಾಲುವೆಯ ನೀರು ಹರಿದ ಕಡೆ ಬತ್ತದ ಗದ್ದೆ ಬಂತು, ನಾಟಿಗೆ ಹೊರಗಿನಿಂದ ಕೂಲಿಯಾಳು ಬಂದರು. ನೀರು ಏರದ ಮಡ್ಡಿ ನೆಲದವರು, ತಾಂಡಾದವರು, ಕಾಲುವೆಯ ಕೊನೆಯಂಚಿನವರು ಮೊದಲಿನಂತೆಯೇ ಬಸ್ಸು ಹತ್ತಿದರು. ಒಂದೇ ತಾಲ್ಲೂಕಿಗೆ ಕೂಲಿಗಾಗಿ ಬರುವವರೂ ಇದ್ದಾರೆ, ಅಲ್ಲಿಂದ ಕೂಲಿಗಾಗಿ ಹೋಗುವವರೂ ಇದ್ದಾರೆ. ಯಾದಗಿರಿ ರಾಜ್ಯದ ಮೂವತ್ತನೇ ಜಿಲ್ಲೆಯಾದ ಮೇಲೂ ಇದು ನಿಂತಿಲ್ಲ.

ಗುಳೆ ಹೋದವರ ರಕ್ಷಣೆಗೆಂದು 1979ರಲ್ಲಿ ಸಂಸತ್ತು ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ತಂದಿತು. ಸ್ಥಳಾಂತರ ಭತ್ಯೆ, ಪ್ರಯಾಣ ಭತ್ಯೆ, ವಸತಿ, ವೈದ್ಯೋಪಚಾರ, ಎಲ್ಲವೂ ಗುತ್ತಿಗೆದಾರನ ಹೊಣೆ ಎಂದು ಅದರಲ್ಲಿತ್ತು. ಪಡಿತರದ ಮಾತಿರಲಿಲ್ಲ. 1997ರಲ್ಲಿ ಪಡಿತರವನ್ನು ಬಡತನ ರೇಖೆಗೆ ಜೋಡಿಸಿದರು, 2000ದ ಡಿಸೆಂಬರಿನಲ್ಲಿ ಕಡುಬಡವರಿಗೆ ಅಂತ್ಯೋದಯ ಬಂತು. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂದು ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯ, ಅಂತ್ಯೋದಯ ಮನೆಗೆ 35 ಕಿಲೋ ಎಂಬುದು ಕಾನೂನಿನ ಹಕ್ಕಾಯಿತು. ಅದೇ ವರ್ಷ ಜುಲೈ 10ರಂದು ಕರ್ನಾಟಕದ ಅನ್ನಭಾಗ್ಯ ಶುರುವಾಯಿತು. ಹಕ್ಕು ಬಂದದ್ದು ತಲೆ ಲೆಕ್ಕದಲ್ಲಿ, ಕೊಡುತ್ತಿದ್ದದ್ದು ಮಾತ್ರ ಮನೆ ಲೆಕ್ಕದಲ್ಲಿ. ತಲೆ ಪುಣೆಗೆ ಹೋದರೆ ಅದರ 5 ಕಿಲೋ ಊರಿನ ನ್ಯಾಯಬೆಲೆ ಅಂಗಡಿಯಲ್ಲೇ ಉಳಿಯುತ್ತಿತ್ತು.

ಇದರ ಪೆಟ್ಟು ಬಿದ್ದದ್ದು ಕೂಲಿಯ ದುಡ್ಡಿನ ಮೇಲೆ. ಊರಲ್ಲಿ ಕೆಲವೇ ರೂಪಾಯಿಗೆ, ಇಲ್ಲವೇ ಪುಕ್ಕಟೆ ಸಿಗುತ್ತಿದ್ದ ಅಕ್ಕಿಯನ್ನು ನಗರದ ಕಿರಾಣಿ ಅಂಗಡಿಯಲ್ಲಿ ಪೇಟೆ ದರಕ್ಕೆ ಕೊಳ್ಳಬೇಕಿತ್ತು. ಮೇಸ್ತ್ರಿಯಿಂದ ಮುಂಗಡ ಪಡೆದು ಹೋದವರಿಗೆ ಸಾಲವಿನ್ನೂ ತೀರಿರುವುದಿಲ್ಲ, ಆಗಲೇ ಹೊಟ್ಟೆಯ ಖರ್ಚು ಎದುರು ನಿಲ್ಲುತ್ತದೆ. ಕೆಲವರು ಪಡಿತರ ಎತ್ತಲೆಂದೇ ಮನೆಯಲ್ಲಿ ಒಬ್ಬರನ್ನು ಬಿಟ್ಟು ಹೋದರು. ಕೆಲವರು ತಿಂಗಳುಗಟ್ಟಲೆ ಬಿಟ್ಟುಕೊಟ್ಟರು. ಹಸಿವಿನಿಂದ ಊರು ಬಿಟ್ಟವರಿಗೆ ಹಸಿವಿನ ಯೋಜನೆಯೇ ಕೈಗೆಟುಕದೆ ಹೋದದ್ದು ಏಳು ದಶಕಗಳ ಕಾಲ ಯಾವ ಸರ್ಕಾರದ ನಿದ್ದೆಯನ್ನೂ ಕೆಡಿಸಲಿಲ್ಲ. ಇದನ್ನು ಕ್ಷಮಿಸುವುದು ಕಷ್ಟ.

ಕಾರ್ಡನ್ನು ವಿಳಾಸದಿಂದ ಬಿಡಿಸಿದ್ದು ಒಂದು ಯಂತ್ರ. ನ್ಯಾಯಬೆಲೆ ಅಂಗಡಿಗಳಿಗೆ ಬೆರಳಚ್ಚು ಓದುವ ಪಿಒಎಸ್ ಮಷಿನ್ ಬಂದು, ಕಾರ್ಡಿಗೆ ಆಧಾರ್ ಜೋಡಣೆಯಾದ ಮೇಲೆ, ಯಾವ ಅಂಗಡಿಯಲ್ಲಿ ಬೆರಳಿಟ್ಟರೂ ಯಾರ ಪಾಲೆಂದು ತಿಳಿಯುವಂತಾಯಿತು. ಮೊದಲು ಕರ್ನಾಟಕವೂ ಸೇರಿ ಕೆಲವು ರಾಜ್ಯಗಳು ತಮ್ಮೊಳಗೆ ಇದನ್ನು ಜಾರಿಗೆ ತಂದವು: ಸುರಪುರದ ಕಾರ್ಡಿಗೆ ಬೆಂಗಳೂರಿನಲ್ಲೂ ಅಕ್ಕಿ. 2019ರ ಆಗಸ್ಟಿನಲ್ಲಿ ‘ಒಂದು ದೇಶ ಒಂದು ಪಡಿತರ ಚೀಟಿ’ ಎರಡು ಜೋಡಿ ರಾಜ್ಯಗಳಲ್ಲಿ ಪ್ರಾಯೋಗಿಕವಾಗಿ ಶುರುವಾಯಿತು: ತೆಲಂಗಾಣ–ಆಂಧ್ರ, ಮಹಾರಾಷ್ಟ್ರ–ಗುಜರಾತ್. 2020ರ ಜನವರಿ 1ಕ್ಕೆ ಅದು ಹನ್ನೆರಡು ರಾಜ್ಯಗಳಿಗೆ ಹಬ್ಬಿತು.

ಆ ಹನ್ನೆರಡರಲ್ಲಿ ಕರ್ನಾಟಕವಿತ್ತು, ಮಹಾರಾಷ್ಟ್ರ, ತೆಲಂಗಾಣ, ಗೋವಾ ಕೂಡ ಇದ್ದವು. ಅಂದರೆ ಯಾದಗಿರಿಯವರು ಗಡಿ ದಾಟಿ ಗುಳೆ ಹೋಗುವ ಪ್ರಮುಖ ರಾಜ್ಯಗಳೆಲ್ಲ ಆ ದಿನವೇ ಕಾಗದದ ಮೇಲೆ ತೆರೆದುಕೊಂಡಿದ್ದವು. ಮೂರು ತಿಂಗಳೂ ತುಂಬುವ ಮೊದಲು, ಮಾರ್ಚ್ 24ರ ರಾತ್ರಿ, ಕೋವಿಡ್ ಲಾಕ್‌ಡೌನಿನಿಂದ ದೇಶಕ್ಕೆ ಬೀಗ ಬಿತ್ತು. ಕೆಲಸ ನಿಂತು ಶೆಡ್ಡುಗಳಲ್ಲಿ ಸಿಕ್ಕಿಬಿದ್ದ ಕೂಲಿಕಾರರಲ್ಲಿ ತಮ್ಮ ಕಾರ್ಡಿನ ನಂಬರಿಗೆ ಹತ್ತಿರದ ರೇಷನ್ ಅಂಗಡಿಯಲ್ಲೂ ಬೆಲೆಯಿದೆ ಎಂಬುದನ್ನು ಬಲ್ಲವರು ತೀರಾ ಕಡಿಮೆ. ಎಷ್ಟೋ ಅಂಗಡಿಯವರಿಗೂ ತಿಳಿದಿರಲಿಲ್ಲ. ಮೇ 14ರಂದು ಕೇಂದ್ರ ಸರ್ಕಾರ ಕಾರ್ಡಿಲ್ಲದ ವಲಸಿಗರಿಗೆ ಎರಡು ತಿಂಗಳ ಮಟ್ಟಿಗೆ ಉಚಿತ ಧಾನ್ಯ ಘೋಷಿಸುವ ಹೊತ್ತಿಗೆ ಜನ ಹಿಂದಿರುಗತೊಡಗಿದ್ದರು. ಮಹಾರಾಷ್ಟ್ರದಿಂದ ಮರಳಿದವರಲ್ಲಿ ಸೋಂಕು ಕಂಡು, ಮೇ ಕೊನೆ, ಜೂನ್ ವೇಳೆಗೆ ಯಾದಗಿರಿಯ ಹೆಸರು ದಿನದ ಕೋವಿಡ್ ಪಟ್ಟಿಯ ಮೇಲ್ತುದಿಯಲ್ಲಿತ್ತು. ಇದ್ದಲ್ಲೇ ಅಕ್ಕಿ ಸಿಕ್ಕಿದ್ದರೆ ಅವರಲ್ಲಿ ಎಷ್ಟು ಜನ ಅಂಥ ಬಿಸಿಲಿನಲ್ಲಿ ಹೊರಡದೆ ಉಳಿಯುತ್ತಿದ್ದರೋ!

2021ರ ಜೂನ್ 29ರಂದು ಸುಪ್ರೀಂ ಕೋರ್ಟು, ಎಲ್ಲ ರಾಜ್ಯಗಳೂ ಜುಲೈ 31ರೊಳಗೆ ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆ ಜಾರಿಗೊಳಿಸಬೇಕೆಂದು ಆದೇಶಿಸಿತು. 2022ರ ಜೂನಿನಲ್ಲಿ ಅಸ್ಸಾಂ ಸೇರುವುದರೊಂದಿಗೆ ದೇಶದ ನಕ್ಷೆ ಪೂರ್ತಿಯಾಯಿತು.

ಈಗ ಲೆಕ್ಕ ಹೀಗೆ. ಆರು ಜನರ ಮನೆಯೊಂದಕ್ಕೆ ಕೇಂದ್ರದ ಪಾಲು 30 ಕಿಲೋ. ಮೂವರು ಪುಣೆಯಲ್ಲಿದ್ದರೆ ಅಲ್ಲಿ 15 ಕಿಲೋ ಎತ್ತಿ, ಉಳಿದ 15 ಕಿಲೋವನ್ನು ಸುರಪುರದಲ್ಲಿರುವ ಅಜ್ಜಿ ತೆಗೆದುಕೊಳ್ಳಬಹುದು. ಹೊಸ ಕಾರ್ಡು ಬೇಡ, ಹಳೆಯದನ್ನು ರದ್ದು ಮಾಡಿಸುವುದೂ ಬೇಡ. ಕಾರ್ಡಿನ ಇಲ್ಲವೇ ಆಧಾರಿನ ಸಂಖ್ಯೆ ಹೇಳಿ, ಬೆರಳಿಟ್ಟರೆ ಸಾಕು. ಇ-ಕೆವೈಸಿಯನ್ನೂ ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಮಾಡಿಸಬಹುದು, ಅದಕ್ಕೆಂದು ಊರಿಗೆ ಓಡಿಬರಬೇಕಿಲ್ಲ. ತೊಡಕು ಬೇರೆ ಕಡೆ ಇದೆ. ಸಿಮೆಂಟು, ಇಟ್ಟಿಗೆ ಹೊತ್ತು ಸವೆದ ಬೆರಳನ್ನು ಮಷಿನ್ ಗುರುತಿಸದು. ತನ್ನ ಅಂಗಡಿಯ ಕಾರ್ಡುದಾರರಿಗೆ ತಕ್ಕಷ್ಟೇ ದಾಸ್ತಾನು ಇಟ್ಟ ಅಂಗಡಿಯವನು ಸ್ಟಾಕ್ ಇಲ್ಲ ಎನ್ನುತ್ತಾನೆ. ಮರಾಠಿ ಬಾರದವರು ಅಷ್ಟಕ್ಕೇ ಹಿಂದಿರುಗುತ್ತಾರೆ. 14445 ಎಂಬ ಸಹಾಯವಾಣಿ ಇರುವುದು ತಾಂಡಾದ ಗೋಡೆಯ ಮೇಲೆ ಬರೆದರೆ ತಾನೆ ತಿಳಿಯುವುದು?

ಜೊತೆಗೆ, ಗಡಿ ದಾಟುವುದು ಕೇಂದ್ರದ 5 ಕಿಲೋ ಮಾತ್ರ. ರಾಜ್ಯ ಸೇರಿಸಿ ಕೊಡುವ ಪಾಲು ರಾಜ್ಯದಲ್ಲೇ ಉಳಿಯುತ್ತದೆ. 2023ರ ಜುಲೈಯಿಂದ ಕರ್ನಾಟಕ ತನ್ನ 5 ಕಿಲೋಗೆ ಬದಲಾಗಿ ತಲೆಗೆ 170 ರೂಪಾಯಿಯನ್ನು ಬ್ಯಾಂಕ್ ಖಾತೆಗೆ ಹಾಕುತ್ತಿತ್ತು. ಖಾತೆಯ ಹಣವನ್ನು ಎಲ್ಲಿದ್ದರೂ ತೆಗೆಯಬಹುದು. 2025ರ ಆರಂಭದಲ್ಲಿ ಹಣ ನಿಂತು ಮತ್ತೆ ಅಕ್ಕಿಯೇ ಬಂತು. ಊರಲ್ಲಿದ್ದವರಿಗೆ ಅದು ಒಳ್ಳೆಯದೇ, ಹೊರಗಿದ್ದವರಿಗೆ ನಷ್ಟ.

ಅಕ್ಕಿಗಿಂತ ಆತಂಕದ ಸಂಗತಿ ಮಕ್ಕಳದ್ದು. ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದ ಜಿಲ್ಲೆ ಯಾದಗಿರಿ. 2021ರ ಡಿಸೆಂಬರಿನಲ್ಲಿ ಇಲ್ಲಿನ ಶಾಲೆಗಳ ಬಿಸಿಯೂಟಕ್ಕೆ ಮೊಟ್ಟೆ ಸೇರಿದಾಗ, ಮೊಟ್ಟೆ ಇಲ್ಲದ ಗದಗದ ಮಕ್ಕಳೊಂದಿಗೆ ಹೋಲಿಸಿ ನಡೆಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು. ತಾಯಿ ತಂದೆಯ ಜೊತೆ ಗುಳೆ ಹೋದ ಮಗುವಿಗೆ ಆ ಮೊಟ್ಟೆ ತಪ್ಪುತ್ತದೆ. 2017ರ ಅಕ್ಟೋಬರ್ 2ರಂದು ರಾಜ್ಯವಿಡೀ ಬಂದ ಮಾತೃಪೂರ್ಣದ ಬಿಸಿಯೂಟವನ್ನು ಗರ್ಭಿಣಿ ಊರಿನ ಅಂಗನವಾಡಿಯಲ್ಲೇ ಕುಳಿತು ಉಣ್ಣಬೇಕು. ಪುಣೆಯ ಅಂಗನವಾಡಿಯಲ್ಲಿ ಆಕೆ ಹೆಸರು ಬರೆಸಬಹುದು, ನಿಯಮ ಅಡ್ಡಬರುವುದಿಲ್ಲ. ಆದರೆ ಕಟ್ಟಡದ ಶೆಡ್ಡಿನಿಂದ ಆ ಅಂಗನವಾಡಿಯನ್ನು ಹುಡುಕಿಕೊಡುವವರು ಯಾರು?

ಯಾವ ತಾಂಡಾದಿಂದ ಯಾವ ತಿಂಗಳಲ್ಲಿ ಎಷ್ಟು ಮನೆಯವರು ಹೊರಡುತ್ತಾರೆಂಬುದು ಗ್ರಾಮ ಪಂಚಾಯ್ತಿಗೂ ಗೊತ್ತು, ಆಶಾ ಕಾರ್ಯಕರ್ತೆಗೂ ಗೊತ್ತು, ಅಂಗನವಾಡಿ ಟೀಚರಿಗೂ ಗೊತ್ತು. ಬಸ್ಸು ಹತ್ತುವ ಮುನ್ನ ಅವರ ಕೈಗೆ ಕಾರ್ಡಿನ ನಕಲು, ತಾಯಿ ಕಾರ್ಡು ಮತ್ತು ಆ ಸಹಾಯವಾಣಿಯ ಸಂಖ್ಯೆ ಕೊಟ್ಟು, ಹೋಗುವ ಊರಿನ ಹೆಸರು ಬರೆದಿಟ್ಟುಕೊಳ್ಳುವ ಕೆಲಸ ದಸರೆಯಷ್ಟೊತ್ತಿಗೆ ಶುರುವಾಗಬೇಕು.